ಹೊಲಿಗೆ ಕೋಣೆಯ ಸಣ್ಣ ಸಾಮಾನುಗಳನ್ನು ಜೋಡಿಸಿಡುವ ಬಗೆ

ಮನೆಯಲ್ಲೇ ರವಿಕೆ ಹೊಲಿದು, ಸೀರೆಗೆ ಫಾಲ್ ಹಚ್ಚಿ, ಕುಚ್ಚು ಕಟ್ಟಿಕೊಡುವವರ ಬಳಿ ಸಣ್ಣಪುಟ್ಟ ಸಾಮಾನುಗಳು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಹೋಗುತ್ತವೆ. ಅವನ್ನು ಜೋಡಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಡಬ್ಬಿಗಳನ್ನು ಕೊಂಡುತರುತ್ತಾರೆ. ನಿಜಕ್ಕೂ ಅದು ಕೊನೆಯಲ್ಲಿ ಮಾಡಬೇಕಾದ ಕೆಲಸ. ಮೊದಲು ನೆಲಕ್ಕೆ ಬಿಳಿಯ ಹಳೆ ಪಂಚೆಯೊಂದನ್ನು ಹಾಸಿ, ಇರುವುದೆಲ್ಲವನ್ನೂ ಅದರ ಮೇಲೆ ಸುರಿದು, ವಸ್ತುವಿನ ಜಾತಿಗಿಂತ ಅದರಿಂದ ಮಾಡುವ ಕೆಲಸವನ್ನು ನೋಡಿ ಬೇರ್ಪಡಿಸಬೇಕು. ಹುಕ್ಕು ಹಾಕುವುದು, ಕಾಜಾ ಮಾಡುವುದು ಮೆಷಿನ್ನಿನ ಮುಂದೆ ಆಗುವ ಕೆಲಸಗಳಲ್ಲ. ಸಂಜೆ ಹಜಾರದಲ್ಲೋ ಕಿಟಕಿಯ ಪಕ್ಕದಲ್ಲೋ ಕೂತು ಮಾಡುವಂಥವು. ಆದ್ದರಿಂದ ಹುಕ್ಕು, ಕೈಸೂಜಿ, ಕಾಜಾ ದಾರ ಮತ್ತು ಸಣ್ಣ ಕತ್ತರಿ ಒಂದೇ ಪೆಟ್ಟಿಗೆಯಲ್ಲಿದ್ದರೆ ಆ ಪೆಟ್ಟಿಗೆಯೊಂದನ್ನೇ ಎತ್ತಿಕೊಂಡು ಹೋಗಬಹುದು.

ಹುಕ್ಕು ಮತ್ತು ಟಿಚ್ ಬಟನ್‌ಗಳಿಗೆ ಅಡುಗೆಮನೆಯಲ್ಲಿ ಬಳಸದೆ ಬಿಟ್ಟ ಸ್ಟೀಲಿನ ಮಸಾಲೆ ಡಬ್ಬಿ ಬಹಳ ಅನುಕೂಲ. ಒಳಗಿನ ಬಟ್ಟಲುಗಳಲ್ಲಿ ಅಳತೆಗೊಂದರಂತೆ ತುಂಬಿಡಬಹುದು, ಮುಚ್ಚಳ ತೆಗೆದರೆ ಎಲ್ಲವೂ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ. ಆದರೆ ಒಳಗೆ ಮಸಾಲೆಯ ಪುಡಿಯಾಗಲಿ ತೇವವಾಗಲಿ ಉಳಿಯದಂತೆ ತೊಳೆದು ಬಿಸಿಲಿಗಿಟ್ಟು ಒಣಗಿಸಿದ ಮೇಲೆಯೇ ತುಂಬಬೇಕು. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದ ತೇವಕ್ಕೆ ಹುಕ್ಕುಗಳು ಬೇಗ ತುಕ್ಕು ಹಿಡಿಯುತ್ತವೆ, ತುಕ್ಕಿನ ಹುಕ್ಕು ರವಿಕೆಯ ಮೊದಲ ಒಗೆತದಲ್ಲೇ ಬಟ್ಟೆಗೆ ಕಲೆ ಬಿಡಬಹುದು. ಅಂಥ ಊರುಗಳಲ್ಲಿ ಗಾಳಿಯಾಡದ ಡಬ್ಬಿಯನ್ನೇ ಬಳಸಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಹಾಕಿ, ಮಳೆಗಾಲಕ್ಕೆ ಮುಂಚೆ ಅದನ್ನು ಬದಲಿಸುವುದು ಒಳ್ಳೆಯದು.

ಮೆಷಿನ್ ಸೂಜಿಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಸೂಜಿಯ ಪೊಟ್ಟಣದ ಮೇಲೆ 75/11, 90/14, 100/16 ಎಂಬಂತೆ ಎರಡು ಸಂಖ್ಯೆಗಳಿರುತ್ತವೆ. ಅವುಗಳಲ್ಲಿ ದೊಡ್ಡದು ಸೂಜಿಯ ದಪ್ಪವನ್ನು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತದೆ, ಅಂದರೆ 90 ಎಂದರೆ 0.9 ಮಿಲಿಮೀಟರ್. ತೆಳು ರೇಷ್ಮೆಗೆ 11, ಸಾಧಾರಣ ಹತ್ತಿಬಟ್ಟೆಗೆ 14, ದಪ್ಪ ಬಟ್ಟೆಗೆ 16 ಎಂದು ಬಳಸುವುದು ರೂಢಿ. ಪೊಟ್ಟಣದಿಂದ ಹೊರಬಂದ ಸೂಜಿಯ ಅಳತೆಯನ್ನು ಬರಿಗಣ್ಣಿನಿಂದ ಗುರುತಿಸುವುದು ಕಷ್ಟ. ಹಾಗಾಗಿ ಸೂಜಿದಿಂಬಿನ ಮೇಲೆ ಪೆನ್ನಿನಿಂದ ಮೂರು ಭಾಗ ಮಾಡಿ, ಒಂದೊಂದರಲ್ಲೂ ಅಳತೆ ಬರೆದು, ಅರ್ಧ ಬಳಸಿದ ಸೂಜಿಯನ್ನು ಅದರದೇ ಮನೆಯಲ್ಲಿ ಚುಚ್ಚಿಡಬೇಕು. ಮನೆಯ ಮೆಷಿನ್ನಿನ ಸೂಜಿಗೆ ಬುಡದ ಒಂದು ಬದಿ ಚಪ್ಪಟೆಯಾಗಿರುತ್ತದೆ, ಕಾರ್ಖಾನೆಯ ಮೆಷಿನ್ನಿನದಕ್ಕೆ ಸಾಮಾನ್ಯವಾಗಿ ದುಂಡಾಗಿರುತ್ತದೆ. ಎರಡೂ ಮೆಷಿನ್ ಇರುವವರು ಇವನ್ನು ಬೆರೆಸಲೇಬಾರದು. ಮುರಿದ ಸೂಜಿಗಳನ್ನು ಮುಚ್ಚಳವಿರುವ ಹಳೆ ಮಾತ್ರೆ ಡಬ್ಬಿಯಲ್ಲಿ ಕೂಡಿಸಿ, ಡಬ್ಬಿಯನ್ನು ಭದ್ರವಾಗಿ ಮುಚ್ಚಿ ವಿಲೇವಾರಿ ಮಾಡಬೇಕು. ಕಸದೊಳಗೆ ಬಿಡಿಯಾಗಿ ಎಸೆದ ಸೂಜಿ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ ಎಂಬುದನ್ನು ಯಾರೂ ಮರೆಯಬಾರದು.

ದಾರದ ರೀಲುಗಳಿಗೆ ಹಲಗೆಗೆ ಸಾಲಾಗಿ ಹೊಡೆದ, ಸ್ವಲ್ಪ ಮೇಲ್ಮುಖವಾಗಿ ಓರೆಯಾದ ಉದ್ದ ಮೊಳೆಗಳು ಸಾಕು. ರೀಲನ್ನು ಸಿಕ್ಕಿಸಿ, ಅದೇ ಬಣ್ಣ ಸುತ್ತಿದ ಬಾಬಿನ್ನನ್ನು ಅದರ ಮುಂದೆ ಅದೇ ಮೊಳೆಗೆ ಹಾಕಿದರೆ ಬಣ್ಣ ಹೊಂದಿಸುವ ತೊಂದರೆಯೇ ಇರುವುದಿಲ್ಲ. ಹಲಗೆಯನ್ನು ಕಿಟಕಿಯ ಎದುರಿನ ಗೋಡೆಗೆ ಹಾಕಬಾರದು, ಏಕೆಂದರೆ ಬಿಸಿಲಿಗೆ ಬಣ್ಣ ಮಾಸುವುದಲ್ಲದೆ ದಾರದ ಗಟ್ಟಿತನವೂ ಕುಂದುತ್ತದೆ. ಬೀರುವಿನ ಬಾಗಿಲಿನ ಒಳಬದಿ ಅದಕ್ಕೆ ತಕ್ಕ ಜಾಗ. ಗೇಣುದ್ದ ದಾರವನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಾಗ ಸುಲಭವಾಗಿ ತುಂಡಾದರೆ ಅದನ್ನು ಕಚ್ಚಾ ಹೊಲಿಗೆಗೆ ಮಾತ್ರ ಎತ್ತಿಡಬೇಕು.

ಕುಚ್ಚಿಗೆ ಬೇಕಾದ ಝರಿ ದಾರವನ್ನು ಬಹಳ ಮಂದಿ ರಬ್ಬರ್ ಬ್ಯಾಂಡಿನಿಂದ ಕಟ್ಟಿಡುತ್ತಾರೆ. ರಬ್ಬರಿನಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ, ಆದ್ದರಿಂದ ಬೆಳ್ಳಿಯ ಎಳೆಯಿರುವ ಅಸಲಿ ಝರಿಗೆ ಆ ಕಟ್ಟು ಬೇಡವೇ ಬೇಡ. ಒಗೆದು ಚೆನ್ನಾಗಿ ಒಣಗಿಸಿದ ಬಿಳಿ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ನುಸಿಗುಳಿಗೆಗಳಿಂದ ದೂರವಿಡುವುದೇ ಸರಿಯಾದ ಕ್ರಮ. ಎಲಾಸ್ಟಿಕ್ಕನ್ನು ಎಳೆಯದೆ ರಟ್ಟಿನ ತುಂಡಿಗೆ ಸುತ್ತಿಡಬೇಕು. ಕಾದ ಅಟ್ಟದಲ್ಲಿಟ್ಟರೆ ಅದರ ಬಿಗಿ ಹೋಗುತ್ತದೆ.

ಇಷ್ಟಾದ ಮೇಲೆ ಡಬ್ಬಿಗಳನ್ನು ಕೊಳ್ಳಬಹುದು. ಟೇಪು, ಚಾಕ್, ಬಾಬಿನ್ ಕೇಸ್ ಮುಂತಾದ ದಿನನಿತ್ಯದವು ಮೆಷಿನ್ ಮೇಜಿನ ಡ್ರಾಯರಿನಲ್ಲಿರಲಿ, ಉಳಿದವು ಕೈಗೆಟಕುವ ಅಂತಸ್ತಿನಲ್ಲಿರಲಿ, ಆದರೆ ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಗುಂಡಿ, ಪಿನ್ನು, ಹುಕ್ಕುಗಳ ಡಬ್ಬಿಗಳು ಅವರಿಗೆ ಎಟುಕದಷ್ಟು ಎತ್ತರದಲ್ಲೇ ಇರಬೇಕು. ಡಬ್ಬಿಯ ಹೊರಗೆ ಚೀಟಿ ಅಂಟಿಸುವ ಬದಲು ಒಳಗಿರುವ ಗುಂಡಿಯನ್ನೋ ಲೇಸಿನ ತುಂಡನ್ನೋ ಅಂಟಿಸಿದರೆ ಬೇಗ ಗುರುತು ಹತ್ತುತ್ತದೆ. ಗಿರಾಕಿಗಳು ತಂದುಕೊಟ್ಟ ಲೇಸು, ಗುಂಡಿಗಳನ್ನು ಮಾತ್ರ ನಮ್ಮ ಡಬ್ಬಿಗಳಿಗೆ ಸೇರಿಸದೆ, ಅವರ ಹೆಸರು ಬರೆದ ಚೀಲದಲ್ಲಿ ಅವರ ಅಳತೆ ರವಿಕೆಯ ಜೊತೆಗೇ ಪಿನ್ನು ಚುಚ್ಚಿ ಇಡಬೇಕು.