ತುಕ್ಕು ತಗಡಿನಿಂದ ರಗ್: ನನ್ನ ಹುಕ್ಕಿಂಗ್ ಅನುಭವ

ಉಣ್ಣೆ ಬಟ್ಟೆಯ ಪಟ್ಟಿಗಳನ್ನು ಹುಕ್ಕಿನಿಂದ (ಕೊಕ್ಕೆಯಿಂದ) ತಳಬಟ್ಟೆಯ ತೂತುಗಳ ಮೂಲಕ ಮೇಲೆಳೆದು, ಲೂಪ್ ಅಂದರೆ ಕುಣಿಕೆಗಳಾಗಿಸಿ ನೆಲಹಾಸು ಮಾಡುವುದೇ ರಗ್ ಹುಕ್ಕಿಂಗ್. ಹೂಬಳ್ಳಿ, ಕುದುರೆ, ಮನೆ ಇಲ್ಲದಿದ್ದರೆ ಅದು ರಗ್ಗೇ ಅಲ್ಲ ಎಂದು ವಾದಿಸಿದವರು ಕಮ್ಮಿಯಿಲ್ಲ. ತುಕ್ಕು ಹಿಡಿದ ತಗಡಿನ ಫೋಟೊ ನೋಡಿ ಹುಕ್ ಮಾಡಿದರೆ ನೆಲಕ್ಕೆ ಕಲೆ ಬಿದ್ದಂತೆ ಕಾಣುತ್ತದೆ ಎಂದೂ ಹೇಳಿದರು. ಎರಡಡಿಗೆ ಮೂರಡಿಯ ರಗ್ ಮುಗಿದ ಮೇಲೆ ಅವರೇ ಪ್ಯಾಟರ್ನ್ ಕೇಳುತ್ತಿದ್ದಾರೆ.

ರಟ್ಟಿನಲ್ಲಿ 2×3 ಅಂಗುಲದ ಕಿಂಡಿ ಕತ್ತರಿಸಿ ಫೋಟೊದ ದೊಡ್ಡ ಪ್ರಿಂಟಿನ ಮೇಲೆ ಸರಿಸುತ್ತಾ ಹೋಗಬೇಕು. ಮೂರು ದೊಡ್ಡ ಆಕಾರಗಳಿಗಿಂತ ಹೆಚ್ಚು ಕಂಡರೆ ಆ ಜಾಗ ಬೇಡ. ಆಯ್ದದ್ದನ್ನು ಹನ್ನೆರಡು ಪಟ್ಟು ಹಿಗ್ಗಿಸಿದರೆ ರಗ್ಗಿನ ಅಳತೆ. ನಾನು ಬಳಸುವ 8ನೇ ನಂಬರ್ ಉಣ್ಣೆ ಪಟ್ಟಿ ಕಾಲಂಗುಲ ಅಗಲ. ಹಾಗಾಗಿ ಕಿಂಡಿಯೊಳಗೆ ಅರ್ಧ ಮಿಲಿಮೀಟರಿಗಿಂತ ತೆಳುವಾದ ಗೆರೆಗೆ ರಗ್ಗಿನಲ್ಲಿ ಜಾಗವಿಲ್ಲ, ಮೊದಲೇ ಅಳಿಸಿಬಿಡಿ. ಅದರರ್ಧ ಅಗಲದ 4ನೇ ನಂಬರಿಗೆ ಇಳಿದರೆ ಗೆರೆ ಬರುತ್ತದೆ, ಆದರೆ ಕೆಲಸ ಎರಡು ಪಟ್ಟಿಗೂ ಮೀರುತ್ತದೆ.

ನಿಜವಾಗಿ ಕೆಟ್ಟದ್ದು ಬಣ್ಣ. ತುಕ್ಕಿನ ಕಿತ್ತಳೆ, ಪಾಚಿ ಹಸಿರು ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಬೇರೆ. ಹುಕ್ ಮಾಡಿ ದೂರ ನಿಂತರೆ ಎರಡೂ ಒಂದೇ ಮಬ್ಬು. ಎರಡರ ಗಾಢತೆ ಸಮ ಇದ್ದದ್ದೇ ಕಾರಣ. ಅರ್ಧ ರಗ್ ಬಿಚ್ಚಬೇಕಾಯಿತು. ಈಗ ಪಟ್ಟಿ ಕತ್ತರಿಸುವ ಮೊದಲೇ ಬಟ್ಟೆಗಳನ್ನು ಸಾಲಾಗಿಟ್ಟು ಫೋನಿನಲ್ಲಿ ಕಪ್ಪು-ಬಿಳುಪು ಫೋಟೊ. ಐದು ಬೂದು ಛಾಯೆ ಸ್ಪಷ್ಟವಾಗಿ ಬೇರೆಬೇರೆ ಕಂಡರೆ ಮಾತ್ರ ಪಟ್ಟಿ ಕತ್ತರಿಸುವ ಕಟರ್ ತಿರುಗುತ್ತದೆ.

ಖರ್ಚು ಹೋಗುವುದು ಉಣ್ಣೆಗೆ. ಚದರಡಿಗೆ 225–250 ಗ್ರಾಂ ಅಂತ ಹಿಡಿದರೆ ಈ ರಗ್ಗಿಗೆ ಒಂದೂವರೆ ಕೆಜಿ ಹತ್ತಿರ. ಹೊಸ ಬಟ್ಟೆ ಬಿಟ್ಟು ಹಳೆ ಕೋಟು, ಲಂಗ ಬಿಚ್ಚಿದ್ದರಿಂದ ಕಾಲುಭಾಗ ಖರ್ಚಿನಲ್ಲಿ ಮುಗಿಯಿತು. ಹೊಲಿಗೆ, ಅಸ್ತರು, ಹುಳು ತಿಂದದ್ದು ಸೇರಿ ಮೂರನೇ ಒಂದು ಭಾಗ ಕಸವೇ. ನೂಲೆಳೆ ಸುಟ್ಟು ನೋಡಿ: ಕೂದಲ ವಾಸನೆ ಬಂದು ಪುಡಿಯಾದರೆ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಸಿಂಥೆಟಿಕ್, ಪಕ್ಕಕ್ಕಿಡಿ. ಬಿಸಿನೀರಲ್ಲಿ ತೊಳೆದು ಡ್ರೈಯರಿನಲ್ಲಿ ಒಣಗಿಸಿ ನೇಯ್ಗೆ ಬಿಗಿಯಾಗದಿದ್ದರೆ ಪಟ್ಟಿಯ ಅಂಚು ಎಳೆಎಳೆಯಾಗಿ ಬಿಚ್ಚುತ್ತದೆ. ಎಳೆಯ ನೇರಕ್ಕೆ ಕತ್ತರಿಸದಿದ್ದರೆ ಹುಕ್ಕಿಗೆ ಸಿಕ್ಕ ತಕ್ಷಣ ತುಂಡು. ದುಡ್ಡು ಉಳಿಸಬಾರದ್ದು ತಳಬಟ್ಟೆಯಲ್ಲಿ: ಗೋಣಿ ಅಗ್ಗ, ಆದರೆ ವರ್ಷಗಳಲ್ಲಿ ಒಣಗಿ ಮುರಿಯುತ್ತದೆ. ಲಿನನ್ನೇ ಸರಿ.

ನಡುವೆ ಟೀ ಶರ್ಟಿನ ಪಟ್ಟಿಯನ್ನೂ ನೋಡಿದೆ. ಎಳೆದೊಡನೆ ಸುರುಳಿಯಾಗುತ್ತದೆ, ಕಾಲಡಿಯಲ್ಲಿ ಚಪ್ಪಟೆ. ಗೋಡೆಗೆ ನೇತುಹಾಕಲು ಅಡ್ಡಿಯಿಲ್ಲ. ಈಗಿನ ಕೆನಡಾದ ನ್ಯೂಫೌಂಡ್‌ಲ್ಯಾಂಡ್, ಲ್ಯಾಬ್ರಡಾರ್‌ನಲ್ಲಿ ಗ್ರೆನ್‌ಫೆಲ್ ಮಿಷನ್ ಎಂಬ ವೈದ್ಯಕೀಯ ಸೇವಾ ಸಂಸ್ಥೆಯವರು ಹಳೆ ರೇಷ್ಮೆ ಸ್ಟಾಕಿಂಗ್ಸ್‌ನಿಂದ ಮ್ಯಾಟ್ ಮಾಡಿಸಿದ್ದು ನೆನಪಾಗಿ ಹಳೆ ಸ್ಟಾಕಿಂಗ್ಸನ್ನೂ ಕತ್ತರಿಸಿದೆ. ಅಷ್ಟು ಸಣ್ಣ ಸಾಲು ಹಾಕುವ ತಾಳ್ಮೆ ನನಗಿಲ್ಲ.

ತುಕ್ಕಿನ ಮಚ್ಚೆಗೆ ಕಂದು, ಕೆಂಪು, ಹಳದಿ ತುಂಡುಗಳನ್ನು ಒಂದೇ ಪಾತ್ರೆಯಲ್ಲಿ ಸೋಪಿನ ಬಿಸಿನೀರಿಗೆ ಹಾಕಿದರೆ ಒಂದರ ಬಣ್ಣ ಇನ್ನೊಂದಕ್ಕೆ ಹತ್ತುತ್ತದೆ. ಕೊನೆಗೆ ವಿನಿಗರ್ ಹಾಕಿ ಬಣ್ಣ ನಿಲ್ಲಿಸಬೇಕು. ಯಾವುದು ಎಷ್ಟು, ಯಾವುದು ಮೊದಲು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ನೀವೇ ಪಾತ್ರೆ ಇಡಿ.

ಹುಕ್ ಮಾಡುವಾಗ ಪ್ರತಿ ತೂತಿಗೂ ಲೂಪ್ ಬೇಡ. ತುರುಕಿದರೆ ರಗ್ ನೆಲ ಬಿಟ್ಟು ಉಬ್ಬುತ್ತದೆ, ಎಷ್ಟು ಇಸ್ತ್ರಿ ಹಾಕಿದರೂ ಕೂರುವುದಿಲ್ಲ. ಹಿಂಬದಿಯಲ್ಲಿ ಅಲ್ಲಲ್ಲಿ ಲಿನನ್ ಇಣುಕಿದರೆ ಪರವಾಗಿಲ್ಲ, ಮುಂಬದಿಯಲ್ಲಿ ಇಣುಕಬಾರದು. ತಳಬಟ್ಟೆಯ ಮೇಲೆ ಚಿತ್ರದ ಗೆರೆ ಎಳೆಯುವ ಮಾರ್ಕರನ್ನು ಚೂರು ಲಿನನ್ ಮೇಲೆ ಆವಿ ಹಿಡಿದು ಪರೀಕ್ಷಿಸಿಯೇ ಬಳಸಿ. ಹರಡಿದರೆ ತಿಳಿ ಬಣ್ಣದ ಲೂಪ್ ಎಲ್ಲಾ ಹಾಳು. ಅಂಚಿಗೆ ನಾಲ್ಕಂಗುಲ ಬಿಟ್ಟಿರಿ, ಹಗ್ಗ ಒಳಗಿಟ್ಟು ಅಂಚು ಮಡಿಚಿ ಉಣ್ಣೆ ನೂಲಿನಲ್ಲಿ ಸುತ್ತು ಹೊಲಿಗೆ ಹಾಕುವಾಗ ಎರಡಂಗುಲ ಸಾಲದು.