ಹತ್ತರಲ್ಲಿ ಎಂಟು ಓಟು

ಸಿನ್ಸಿನಾಟಿಯ ನಮ್ಮ ಆಫೀಸಿನಲ್ಲಿ ಪ್ರತಿ ಜನವರಿಯ ಕೊನೆಯ ವಾರ ಒಂದು ಸಂಜೆ ಹತ್ತು ಜನ ಪಿಜ್ಜಾ ತರಿಸಿಕೊಂಡು ಕಾನ್ಫರೆನ್ಸ್ ರೂಮಿನ ಬಾಗಿಲು ಹಾಕಿಕೊಳ್ಳುತ್ತೇವೆ. ಕ್ಯಾಂಟನ್‌ನಲ್ಲಿರುವ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ, ಅಂದರೆ ದೊಡ್ಡ ಆಟಗಾರರ ಗೌರವಾಲಯಕ್ಕೆ, ಆ ವರ್ಷ ಯಾರು ಹೋಗಬೇಕು ಅಂತ ಓಟು ಹಾಕುವುದು ನಮ್ಮ ಕೆಲಸ. ಈ ಓಟಿಗೆ ಮೂರು ಕಾಸಿನ ಬೆಲೆಯಿಲ್ಲ. ನಿಜವಾದ ಸಮಿತಿ ಬೇರೆ ಇದೆ, ಅದರಲ್ಲಿ 50 ಜನ, ಹೆಚ್ಚಿನವರು ಪತ್ರಕರ್ತರು. ಆದರೂ ನಮ್ಮ ಕೋಣೆಯಲ್ಲಿ ಜಗಳ ಆಗುವುದು ಮಾತ್ರ ಅಸಲಿ.

ನಾನು ಶಿವಮೊಗ್ಗ ಕಡೆಯವನು, ಕ್ರಿಕೆಟ್ ನೋಡಿ ಬೆಳೆದವನು. ಇಲ್ಲಿಗೆ ಬಂದ ಹೊಸದರಲ್ಲಿ ಅಮೆರಿಕನ್ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡವರು ಒಬ್ಬರ ಮೇಲೊಬ್ಬರು ಬೀಳುವ ಆಟ ಅಷ್ಟೇ ಆಗಿತ್ತು. ಈ ಗುಂಪಿಗೆ ನನ್ನನ್ನು ಎಳೆದು ತಂದವರು ಕ್ಲೀವ್‌ಲ್ಯಾಂಡ್ ಮೂಲದ ಒಬ್ಬ ಹಿರಿಯರು. ಎಪ್ಪತ್ತು ದಾಟಿದ್ದರೂ ಕೆಲಸ ಬಿಟ್ಟಿಲ್ಲ. ನಾನು ಮನಸ್ಸಿನಲ್ಲೇ ಅವರನ್ನು ಅಜ್ಜ ಅಂತ ಕರೆಯುತ್ತೇನೆ.

ನಿಯಮ ಸರಳ. ಆಟ ಬಿಟ್ಟು ಐದು ವರ್ಷ ಕಳೆದಿರಬೇಕು. ಕೊನೆಗೆ ಹದಿನೈದು ಹೆಸರು ಉಳಿಯುತ್ತವೆ, ಒಳಗೆ ಹೋಗಬೇಕಾದರೆ ನೂರಕ್ಕೆ ಎಂಬತ್ತು ಓಟು ಬೇಕು. ಅಂದರೆ ನಮ್ಮ ಹತ್ತರಲ್ಲಿ ಎಂಟು. ಮೂರು ಜನ ಬೇಡ ಅಂದರೆ ಮುಗಿಯಿತು. ಮೈದಾನದ ಹೊರಗೆ ಆಟಗಾರ ಏನು ಮಾಡಿದ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಓ.ಜೆ. ಸಿಂಪ್ಸನ್ 1985ರಲ್ಲಿ ಒಳಗೆ ಹೋದವನು, ಆತನ ಕಂಚಿನ ಮುಖ ಇವತ್ತೂ ಅಲ್ಲೇ ಇದೆ.

ಮೊದಲ ವರ್ಷ ನಾನು ಎಕ್ಸೆಲ್ ಹಿಡಿದುಕೊಂಡು ಹೋದೆ. ಹೊಟ್ಟೆಪಾಡಿಗೆ ಮಾಡುವುದೇ ಡೇಟಾ ಕೆಲಸ, ಇದೇನು ಮಹಾ ಅನ್ನುವ ಜಂಬ. ಕ್ವಾರ್ಟರ್‌ಬ್ಯಾಕ್‌ಗಳನ್ನೆಲ್ಲ, ಅಂದರೆ ಚೆಂಡು ಎಸೆಯುವವರನ್ನೆಲ್ಲ, ಎಸೆತದಿಂದ ಗಳಿಸಿದ ಒಟ್ಟು ಯಾರ್ಡ್ ದೂರ, ಕೊನೆಯ ಗೆರೆ ದಾಟಿಸಿದ ಒಟ್ಟು ಟಚ್‌ಡೌನ್ ಮೇಲೆ ಸಾಲಾಗಿ ನಿಲ್ಲಿಸಿದೆ. ವಿನ್ನಿ ಟೆಸ್ಟವರ್ಡಿ 46,233 ಯಾರ್ಡ್, 275 ಟಚ್‌ಡೌನ್. ಜೋ ನಾಮತ್ 27,663 ಯಾರ್ಡ್, 173 ಟಚ್‌ಡೌನ್, ಸಾಲದ್ದಕ್ಕೆ ಎದುರಾಳಿಯ ಕೈಗೆ ಎಸೆದುಕೊಟ್ಟದ್ದು 220 ಸಲ. ನನ್ನ ಪಟ್ಟಿಯಲ್ಲಿ ಟೆಸ್ಟವರ್ಡಿ ಎಲ್ಲೋ ಮೇಲೆ, ನಾಮತ್ ಎಲ್ಲೋ ಕೆಳಗೆ. ಅಜ್ಜ ಹಾಳೆ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡು ನೋಡಿದರು, ಕೊನೆಗೆ ನಕ್ಕೇಬಿಟ್ಟರು.

ನಾನು ಮರೆತದ್ದು ಕಾಲವನ್ನು. ನಾಮತ್ 1967ರಲ್ಲಿ ಒಂದೇ ಸೀಸನ್‌ನಲ್ಲಿ 4,000 ಯಾರ್ಡ್ ದಾಟಿದ ಮೊದಲನೆಯವನು, ಅದೂ 14 ಪಂದ್ಯಗಳಲ್ಲಿ. ಮುಂದಿನ ಹನ್ನೊಂದು ವರ್ಷ ಇನ್ನೊಬ್ಬನಿಗೆ ಅದು ಆಗಲಿಲ್ಲ. 1978ರಲ್ಲಿ ನಿಯಮ ಬದಲಾಯಿತು. ಚೆಂಡು ಹಿಡಿಯಲು ಓಡುವವನನ್ನು ಐದು ಯಾರ್ಡ್ ಆಚೆ ಮುಟ್ಟಿ ತಡೆಯುವಂತಿಲ್ಲ, ಎಸೆಯುವವನ ರಕ್ಷಣೆಗೆ ನಿಂತವರು ನುಗ್ಗುವವರನ್ನು ಕೈ ಚಾಚಿ ತಡೆಯಬಹುದು ಅಂತಾಯಿತು. ಪಂದ್ಯಗಳೂ 16 ಆದವು. ಅಲ್ಲಿಂದ ಮುಂದೆ ಎಸೆತದ ಅಂಕಿಗಳು ಮಳೆಗಾಲದ ತುಂಗೆಯ ಹಾಗೆ ಏರಿದವು. ಆ ದಂಡೆಯ ನೀರಿನ ಮಟ್ಟವನ್ನು ಈ ದಂಡೆಯ ಕೋಲಿನಿಂದ ಅಳೆಯಲು ಹೋಗಿದ್ದೆ. ಹಾಗಂತ ನಾಮತ್ ವಿಷಯದಲ್ಲಿ ನನಗೆ ಈಗಲೂ ಅರ್ಧ ಅನುಮಾನ ಇದೆ. 220 ಅಂದರೆ 220ಯೇ. ಅಜ್ಜನ ಮುಂದೆ ಮಾತ್ರ ಹೇಳುವುದಿಲ್ಲ.

ಎರಡನೆಯ ವರ್ಷದ ತಪ್ಪು ಇನ್ನೂ ದೊಡ್ಡದು. ಆ ವರ್ಷ ಹಿರಿಯರ ವಿಭಾಗಕ್ಕೆ, ಅಂದರೆ ಆಟ ಬಿಟ್ಟು ದಶಕಗಳೇ ಕಳೆದವರಿಗೆ, ನಾವೇ ಒಂದು ಪಟ್ಟಿ ಮಾಡಬೇಕಿತ್ತು. ಸಾವಿರಾರು ಹೆಸರು. ನಾನು ಒಂದು ಫಿಲ್ಟರ್ ಹಾಕಿದೆ: ಒಮ್ಮೆಯೂ ಪ್ರೊ ಬೌಲ್‌ಗೆ, ಅಂದರೆ ಆ ವರ್ಷದ ಉತ್ತಮರ ತಂಡಕ್ಕೆ, ಆಯ್ಕೆಯಾಗದವನು ಬೇಡ. ನ್ಯಾಯವಾಗಿಯೇ ಕಂಡಿತು. ತನ್ನ ಕಾಲದಲ್ಲೇ ಒಂದು ಸಲವೂ ಲೆಕ್ಕಕ್ಕೆ ಬಾರದವನು ಹಾಲ್ ಆಫ್ ಫೇಮ್‌ಗೆ ಹೇಗೆ ಬಂದಾನು?

ಆ ಫಿಲ್ಟರ್‌ನಲ್ಲಿ ಮಾಯವಾದವನು ಕೆನ್ ರೈಲಿ. ನಾನಿರುವ ಊರಿನ ತಂಡ ಬೆಂಗಲ್ಸ್‌ಗೆ 1969ರಿಂದ 1983ರವರೆಗೆ 15 ಸೀಸನ್ ಆಡಿದ ಕಾರ್ನರ್‌ಬ್ಯಾಕ್, ಅಂದರೆ ಎಸೆತ ಹಿಡಿಯುವವರನ್ನು ಅಂಚಿನಲ್ಲಿ ಕಾಯುವವನು. ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವನನ್ನು ಕೋಚ್ ಪಾಲ್ ಬ್ರೌನ್ ಈ ಕಡೆಗೆ ತಿರುಗಿಸಿದ್ದು. ಎದುರಾಳಿಯ ಎಸೆತಗಳನ್ನು ನಡುವೆಯೇ ಕಿತ್ತುಕೊಂಡದ್ದು 65 ಸಲ. ಆಟ ಬಿಟ್ಟಾಗ ಇತಿಹಾಸದಲ್ಲೇ ಅವನಿಗಿಂತ ಮೇಲಿದ್ದವರು ಮೂರೇ ಜನ. ಪ್ರೊ ಬೌಲ್ ಮಾತ್ರ ಸೊನ್ನೆ. ಮೈದಾನದ ಇನ್ನೊಂದು ಅಂಚಿನಲ್ಲಿ ಲೆಮಾರ್ ಪ್ಯಾರಿಶ್ ಇದ್ದ, ಕಿಕ್ ಹಿಡಿದು ಓಡುತ್ತಿದ್ದ, ಕಣ್ಣಿಗೆ ಹೊಡೆಯುವ ಆಟ. ಆಯ್ಕೆ ಮಾಡುವವರ ಕಣ್ಣು ಅತ್ತಲೇ. ರೈಲಿ ಸುಮ್ಮನೆ ತನ್ನ ಅಂಚು ಕಾಯುತ್ತಿದ್ದ. 2020ರಲ್ಲಿ ತೀರಿಕೊಂಡ. 2023ರಲ್ಲಿ ಹಾಲ್ ಆಫ್ ಫೇಮ್ ಬಾಗಿಲು ತೆರೆಯಿತು.

ಆ ವರ್ಷ ಕ್ಯಾಂಟನ್‌ಗೆ ಹೋಗಿದ್ದೆ, ನಮ್ಮಲ್ಲಿಂದ ಮೂರೂವರೆ ತಾಸಿನ ದಾರಿ. ಪ್ರತಿಮೆಗಳ ಗ್ಯಾಲರಿಯಲ್ಲಿ ಬೆಳಕು ಕಮ್ಮಿ, ದೇವಸ್ಥಾನದ ಪ್ರಾಕಾರಕ್ಕೆ ಬಂದ ಹಾಗೆ ಜನ ದನಿ ತಗ್ಗಿಸುತ್ತಾರೆ. ರೈಲಿಯ ಮುಂದೆ ನಿಂತಾಗ ನಾಚಿಕೆಯಾಯಿತು. ಈ ಮನುಷ್ಯನನ್ನು ಒಂದು ಡ್ರಾಪ್‌ಡೌನ್ ಮೆನುವಿನಲ್ಲಿ ಟಿಕ್ ತೆಗೆದು ಅಳಿಸಿದ್ದೆ.

ಅಲ್ಲಿಂದ ಮೇಲೆ ನನ್ನ ಕ್ರಮ ಬದಲಾಯಿತು. ಈಗ ಮೊದಲು ಕೇಳಿಕೊಳ್ಳುವುದು ಇಷ್ಟೇ: ಅವನ ಕಾಲದಲ್ಲಿ, ಅವನು ನಿಂತ ಜಾಗದಲ್ಲಿ, ಅವನಿಗಿಂತ ಮೇಲು ಎಷ್ಟು ಜನ ಇದ್ದರು? ಎಷ್ಟು ವರ್ಷ ಇದ್ದರು? ಚೆಂಡು ಹಿಡಿದು ಓಡುವವರನ್ನೇ ತೆಗೆದುಕೊಳ್ಳಿ. ಜಿಮ್ ಬ್ರೌನ್ ಆಡಿದ್ದು ಒಂಬತ್ತೇ ಸೀಸನ್, ಅದರಲ್ಲಿ ಎಂಟರಲ್ಲಿ ಇಡೀ ಲೀಗ್‌ಗೇ ಅತಿ ಹೆಚ್ಚು ಯಾರ್ಡ್ ಓಡಿದವನು ಅವನೇ. ಒಟ್ಟು 12,312. ಫ್ರ್ಯಾಂಕ್ ಗೋರ್ 16 ಸೀಸನ್ ಓಡಿ ಸರಿಯಾಗಿ 16,000 ಮುಟ್ಟಿದ, ಇತಿಹಾಸದಲ್ಲಿ ಮೂರನೆಯವನು, ಆದರೆ ಒಂದು ವರ್ಷವೂ ಮೊದಲನೆಯವನಾಗಲಿಲ್ಲ. ಗೋರ್ ಬಗ್ಗೆ ನನಗೆ ಗೌರವ ಇದೆ. ಮೊಣಕಾಲಿಗೆ ಕತ್ತರಿ ಹಾಕಿಸಿಕೊಂಡು ಬಂದು ಅಷ್ಟು ವರ್ಷ ಆ ಗುದ್ದಾಟದಲ್ಲಿ ನಿಲ್ಲುವುದೇ ಒಂದು ಪವಾಡ. ಆದರೆ ಅವನ ಎದುರು ಟೆರೆಲ್ ಡೇವಿಸ್‌ನನ್ನು ನಿಲ್ಲಿಸಿ ನೋಡಿ. ಬರೀ 78 ಪಂದ್ಯ, 7,607 ಯಾರ್ಡ್, ಗೋರ್‌ನ ಅರ್ಧಕ್ಕೂ ಕಡಿಮೆ. ಆದರೆ 1998ರಲ್ಲಿ ಒಂದೇ ಸೀಸನ್‌ನಲ್ಲಿ 2,008. ನಾಕೌಟ್ ಪಂದ್ಯಗಳು ಎಂಟು, ಅದರಲ್ಲಿ 1,140 ಯಾರ್ಡ್. ಸೋತರೆ ಮನೆಗೆ ಹೋಗುವ ಪಂದ್ಯದಲ್ಲೇ ಇವನ ಆಟ ಏರುತ್ತಿತ್ತು. 2017ರಲ್ಲಿ ಅವನನ್ನು ಒಳಗೆ ಕರೆದದ್ದು ಸರಿ ಅನ್ನುವವನು ನಾನು. ಗೋರ್‌ಗೂ ಒಂದು ದಿನ ಓಟು ಹಾಕುತ್ತೇನೆ, ಆದರೆ ಅವಸರ ಇಲ್ಲ.

ಅಪ್ಪ ಇಲ್ಲಿಗೆ ಬಂದಿದ್ದಾಗ ಈ ಗೋರ್–ಡೇವಿಸ್ ತಕರಾರು ವಿವರಿಸಿದೆ. ಅವರಿಗೆ ಆಟ ಅರ್ಥವಾಗಲಿಲ್ಲ, ತಕರಾರು ತಕ್ಷಣ ಅರ್ಥವಾಯಿತು. "ವಿಶಿ 97 ಹೊಡೆದದ್ದು ನೂರಕ್ಕೆ ಮೂರು ಕಮ್ಮಿ ಅಂತ ಬರೆದಿಟ್ಟಿದಾರಾ?" ಅಂದರು. 1975ರ ಜನವರಿ, ಚೆಪಾಕ್, ಆ್ಯಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತ ದಿನ, ಭಾರತದ 190ರಲ್ಲಿ ವಿಶ್ವನಾಥ್ ಔಟಾಗದೆ 97. ಅಪ್ಪ ಅದನ್ನು ರೇಡಿಯೊದಲ್ಲಿ ಕೇಳಿದವರು. ಹೇಳಿ ಮುಗಿಸಿ ಸೋಫಾದಲ್ಲೇ ನಿದ್ದೆ ಹೋದರು.

ಇಷ್ಟೆಲ್ಲ ಅಂಕಿ ಇರುವವರ ಮಾತಾಯಿತು. ಅಂಕಿಯೇ ಇಲ್ಲದವರನ್ನು ಏನು ಮಾಡುವುದು? ಆಫೆನ್ಸಿವ್ ಲೈನ್‌ನ ಐದು ಜನ ಚೆಂಡು ಮುಟ್ಟುವುದೇ ಅಪರೂಪ. ಕ್ವಾರ್ಟರ್‌ಬ್ಯಾಕ್ ಎಸೆಯುವವರೆಗೆ ಅವನ ಮುಂದೆ ಗೋಡೆಯಾಗಿ ನಿಲ್ಲುವುದು ಅವರ ಕೆಲಸ. ಚೆನ್ನಾಗಿ ಮಾಡಿದರೆ ಏನೂ ಆಗುವುದಿಲ್ಲ, ಏನೂ ಆಗದ್ದನ್ನು ಯಾರೂ ಬರೆದಿಡುವುದಿಲ್ಲ.

2024ರ ಚಳಿಗಾಲ ಪೂರ್ತಿ ನಾನು ನೋಡಿದ್ದು ಅಂಥ ಒಬ್ಬನನ್ನು. ವಿಲ್ಲಿ ಆ್ಯಂಡರ್ಸನ್, 1996ರಿಂದ ಹನ್ನೆರಡು ಸೀಸನ್ ಬೆಂಗಲ್ಸ್‌ನ ರೈಟ್ ಟ್ಯಾಕಲ್, ಅಂದರೆ ಆ ಗೋಡೆಯ ಬಲತುದಿ. ಹಳೆಯ ಪಂದ್ಯಗಳು ಟಿವಿಗೆ ಹಿಡಿದ ಚಿತ್ರದಲ್ಲೇ ಸಿಗುವುದು, ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ಟ್ಯಾಕಲ್ ಕಾಣುವುದು ಎರಡು ಸೆಕೆಂಡ್, ಹೆಚ್ಚೆಂದರೆ ಮೂರು. ಆ ಎರಡು ಸೆಕೆಂಡನ್ನು ನಿಲ್ಲಿಸಿ, ಹಿಂದೆ ತಳ್ಳಿ, ಮತ್ತೆ ನೋಡಬೇಕು. ಚೆಂಡು ನೋಡದಿರುವುದನ್ನು ಕಲಿಯಲು ನನಗೆ ಎರಡು ವಾರ ಹಿಡಿಯಿತು. ಕಣ್ಣು ತಾನಾಗಿಯೇ ಚೆಂಡಿನ ಹಿಂದೆ ಹೋಗುತ್ತದೆ. ಪರದೆಯ ಎಡ ಅರ್ಧಕ್ಕೆ ರಟ್ಟು ಅಂಟಿಸಿ ನೋಡಿದ್ದೂ ಉಂಟು.

ಮೊದಲು ಪಾದ. ಚೆಂಡು ಕದಲಿದ ಕೂಡಲೇ ಬಲಗಾಲು ಹಿಂದಕ್ಕೆ ಜಾರಬೇಕು, ಎಡಗಾಲು ಅದನ್ನು ಹಿಂಬಾಲಿಸಬೇಕು, ಎರಡೂ ಹತ್ತಿರ ಬಂದು ತಾಗಬಾರದು. ತಾಗಿದರೆ ನುಗ್ಗುವವನು ಒಂದು ತಳ್ಳಿಗೆ ಬೀಳಿಸುತ್ತಾನೆ. ಆಮೇಲೆ ಕೈ. ಒಳ್ಳೆಯ ಟ್ಯಾಕಲ್ ಮೊದಲೇ ಕೈ ಚಾಚುವುದಿಲ್ಲ, ಕಾಯುತ್ತಾನೆ, ಎದುರಾಳಿಯ ಎದೆ ಹತ್ತಿರ ಬಂದ ಮೇಲೆ ಒಂದೇ ಏಟು. ಆ್ಯಂಡರ್ಸನ್ ಆ ಭಾರೀ ಮೈಯಲ್ಲಿ ಅವಸರವೇ ಇಲ್ಲದವನ ಹಾಗೆ ಹಿಂದೆ ಸರಿಯುತ್ತಿದ್ದ. ನೋಟ್‌ಬುಕ್ಕಿನಲ್ಲಿ ಪ್ರತಿ ಎಸೆತಕ್ಕೆ ಒಂದು ಗುರುತು: ಒಬ್ಬನೇ ತಡೆದರೆ ಟಿಕ್, ಪಕ್ಕದವನು ಬಂದು ಕೈ ಜೋಡಿಸಿದರೆ ಸೊನ್ನೆ. ಪುಟ ತಿರುವಿದಂತೆ ಟಿಕ್‌ಗಳೇ ಸಾಲುಗಟ್ಟಿದವು. ತಂಡ ಅವನನ್ನು ಒಂಟಿಯಾಗಿ ಬಿಟ್ಟು, ಸಹಾಯದವರನ್ನು ಇನ್ನೆಲ್ಲಿಗೋ ಕಳಿಸುತ್ತಿತ್ತು. ಅಂಕಿ ಅಂತ ಇದ್ದರೆ ಅದೇ.

ಮತ್ತೆ ಹಾಲ್ ಆಫ್ ಫೇಮ್‌ಗೆ ಅವನು ಯಾಕೆ ಕಾಯಬೇಕಾಯಿತು? ಬಲಗೈ ಕ್ವಾರ್ಟರ್‌ಬ್ಯಾಕ್ ಎಸೆಯಲು ತಿರುಗಿದಾಗ ಅವನ ಬೆನ್ನು ಎಡಕ್ಕೆ, ಆದ್ದರಿಂದ ಎಡದ ಟ್ಯಾಕಲ್‌ಗೆ ಹೆಸರು ಹೆಚ್ಚು, ದುಡ್ಡೂ ಹೆಚ್ಚು. ಆದರೆ ರೆಗ್ಗಿ ವೈಟ್, ಮೈಕಲ್ ಸ್ಟ್ರಾಹಾನ್‌ರಂಥವರು ನುಗ್ಗುತ್ತಿದ್ದುದು ತಮ್ಮ ಎಡದಿಂದ, ಅಂದರೆ ನೇರ ರೈಟ್ ಟ್ಯಾಕಲ್ ಮೇಲೆಯೇ. ಇನ್ನು ತಂಡವಂತೂ ಆ ದಿನಗಳಲ್ಲಿ ಸೋಲಿಗೆ ಹೆಸರುವಾಸಿ. 2002ರಲ್ಲಿ 16 ಪಂದ್ಯಗಳಲ್ಲಿ ಗೆದ್ದದ್ದು ಎರಡು. 2005ರಲ್ಲಿ ತಂಡ ಸುಧಾರಿಸಿತು. ಇವನು 2004ರಿಂದ ಮೂರು ವರ್ಷ ಸಾಲಾಗಿ ಆಲ್-ಪ್ರೊ ಮೊದಲ ತಂಡದಲ್ಲಿದ್ದ, ಅಂದರೆ ತನ್ನ ಜಾಗದಲ್ಲಿ ಇಡೀ ಲೀಗ್‌ಗೇ ಅತ್ಯುತ್ತಮರಲ್ಲಿ ಒಬ್ಬ.

2025ರ ಪಟ್ಟಿಯಲ್ಲಿ ಕ್ವಾರ್ಟರ್‌ಬ್ಯಾಕ್ ಈಲೈ ಮ್ಯಾನಿಂಗ್ ಹೆಸರೂ ಇತ್ತು. ಅವನ ಮೇಲೆ ಒಂದು ಗಂಟೆ ವಾದ ಮಾಡುವವರಿದ್ದಾರೆ, ನನಗೆ ಐದು ನಿಮಿಷ ಸಾಕು. ಸೂಪರ್ ಬೌಲ್ ಅನ್ನುವ ಫೈನಲ್‌ನಲ್ಲಿ ಎರಡು ಗೆಲುವು, ಎರಡರಲ್ಲೂ ಪಂದ್ಯಪುರುಷ, ಎರಡೂ ಸಲ ಎದುರಿಗಿದ್ದದ್ದು ಪೇಟ್ರಿಯಟ್ಸ್. ನಾಕೌಟ್ ಬಿಟ್ಟರೆ ಹದಿನಾರು ವರ್ಷಗಳ ಲೆಕ್ಕ 117 ಗೆಲುವು, 117 ಸೋಲು. ಆಲ್-ಪ್ರೊ ಒಂದು ಸಲವೂ ಇಲ್ಲ. ಎರಡು ತಿಂಗಳ ಮಟ್ಟಿಗೆ ಅವನು ದೊಡ್ಡವನು. ನನ್ನ ಓಟಿಲ್ಲ.

ಆ ವರ್ಷ ನಿಜವಾದ ಸಮಿತಿಗೆ ಹೊಸ ನಿಯಮ ಬಂತು, ನಾವೂ ಅದನ್ನೇ ಹಿಡಿದೆವು. ಹದಿನೈದನ್ನು ಹತ್ತಕ್ಕೆ ಇಳಿಸು, ಹತ್ತನ್ನು ಏಳಕ್ಕೆ, ಕೊನೆಗೆ ಏಳರಲ್ಲಿ ಪ್ರತಿಯೊಬ್ಬರೂ ಐದು ಹೆಸರಿಗೆ ಓಟು ಹಾಕಬೇಕು. ಕೇಳಲು ಚೆನ್ನಾಗಿದೆ. ಲೆಕ್ಕ ಹಾಕಿ ನೋಡಿ: 50 ಜನ, ತಲಾ ಐದು, ಒಟ್ಟು 250 ಓಟು. ಏಳೂ ಜನ ಸಮಸಮ ಅಂದುಕೊಂಡರೆ ತಲೆಗೆ 35 ಚಿಲ್ಲರೆ. ಬೇಕಾದ್ದು 40. ಏಳು ಜನರೂ ಯೋಗ್ಯರಾಗಿ, ಓಟು ಸಮನಾಗಿ ಹಂಚಿಹೋದರೆ ಒಬ್ಬನಿಗೂ ಆ 40 ಸಿಗುವುದಿಲ್ಲ! ಪಟ್ಟಿ ಗಟ್ಟಿಯಾದಷ್ಟೂ ಬಾಗಿಲು ಕಿರಿದು. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಅಜ್ಜ ಅಂದರು, "ಹತ್ತು ವರ್ಷದಲ್ಲಿ ನಿನ್ನ ಎಕ್ಸೆಲ್ ಉಪಯೋಗಕ್ಕೆ ಬಂದದ್ದು ಇವತ್ತೇ."

ನಮ್ಮಲ್ಲಿ ಇನ್ನೊಂದು ಕಟ್ಟುಪಾಡಿದೆ. ತನ್ನ ಮೆಚ್ಚಿನ ತಂಡದ ಆಟಗಾರನ ಪರ ಯಾರೂ ವಾದ ಮಾಡುವಂತಿಲ್ಲ, ಓಟು ಮಾತ್ರ ಹಾಕಬಹುದು. ಹಾಗಾಗಿ ನೋಟ್‌ಬುಕ್ಕನ್ನು ಅಜ್ಜನ ಕೈಗೆ ಕೊಟ್ಟೆ. ಬೆಂಗಲ್ಸ್ ಅಂದರೆ ಮುಖ ಕಿವುಚುವ ಕ್ಲೀವ್‌ಲ್ಯಾಂಡ್ ಮನುಷ್ಯ ಎದ್ದು ನಿಂತು ಐದು ನಿಮಿಷ ಆ್ಯಂಡರ್ಸನ್‌ನ ಪಾದಗಳ ಬಗ್ಗೆ ಮಾತಾಡಿದರು. ಪಿಜ್ಜಾ ತಣ್ಣಗಾಯಿತು, ಯಾರೂ ಮುಟ್ಟಲಿಲ್ಲ.

ಚೀಟಿ ಬಂತು. ಏಳು ಹೆಸರು. ಲ್ಯೂಕ್ ಕೀಕ್ಲಿ, ಆಂಟೋನಿಯೊ ಗೇಟ್ಸ್, ಜಾರೆಡ್ ಆ್ಯಲನ್‌ಗೆ ಬೇಗ ಗುರುತು ಹಾಕಿದೆ. ನಾಲ್ಕನೆಯದು ಕಿಕ್ಕರ್ ಆ್ಯಡಮ್ ವಿನಾಟಿಯೆರಿ. ಐದನೆಯದಕ್ಕೆ ಪೆನ್ನು ನಿಂತಿತು. ಆ್ಯಂಡರ್ಸನ್‌ನನ್ನು ಮೂರು ತಿಂಗಳು ನೋಡಿದ್ದೇನೆ, ಎಸೆತ ಹಿಡಿಯಲು ಓಡುವ ಟೋರಿ ಹೋಲ್ಟ್‌ನನ್ನು ಹಾಗೆ ಒಂದು ದಿನವೂ ನೋಡಿಲ್ಲ. ಯಾರನ್ನೇ ಆಗಲಿ ಮೂರು ತಿಂಗಳು ಎರಡೆರಡು ಸೆಕೆಂಡ್ ನಿಲ್ಲಿಸಿ ನೋಡಿದರೆ ದೊಡ್ಡವನಾಗಿ ಕಾಣುವುದಿಲ್ಲವೆ? ಹೋಲ್ಟ್‌ನ ಓಟಕ್ಕೂ ಒಂದು ನೋಟ್‌ಬುಕ್ ಇಟ್ಟಿದ್ದರೆ? ನನ್ನ ಕಣ್ಣನ್ನೇ ನಂಬದೆ ಹೋಲ್ಟ್‌ಗೆ ಗುರುತು ಹಾಕಿ ಚೀಟಿ ಮಡಚಿದೆ.

ಎಣಿಸಿದಾಗ ಗೇಟ್ಸ್‌ಗೆ ಒಂಬತ್ತು, ಕೀಕ್ಲಿಗೆ ಎಂಟು. ಆ್ಯಂಡರ್ಸನ್‌ಗೆ ಏಳು. ಇಬ್ಬರೇ ಒಳಗೆ. ವಾರದ ನಂತರ ನಿಜವಾದ ಸಮಿತಿಯೂ ಹದಿನೈದರಲ್ಲಿ ಮೂವರನ್ನಷ್ಟೇ ಆರಿಸಿತು. ಅಲ್ಲೂ ಆ್ಯಂಡರ್ಸನ್ ಕೊನೆಯ ಏಳರವರೆಗೆ ಬಂದು ಹೊರಗೇ ಉಳಿದ.

ಅವತ್ತು ರಾತ್ರಿ ಪಾರ್ಕಿಂಗ್‌ನಲ್ಲಿ ಕಾರಿನ ಗಾಜಿನ ಮೇಲೆ ಮಂಜು ಕಲ್ಲಾಗಿ ಕೂತಿತ್ತು. ನಾನು ಕೆರೆಯುತ್ತಿದ್ದೆ. ಅಜ್ಜ ನೋಟ್‌ಬುಕ್ ವಾಪಸ್ ಕೊಡಲು ಬಂದವರು ಅಲ್ಲೇ ನಿಂತರು.

"ಒಂದೇ ಒಂದು ಓಟು. ಬೇಡ ಅಂದ ಆ ಮೂವರು ಯಾರಿರಬಹುದು, ಹೇಳು?"

ನಾನು ಬಗ್ಗಿ ಆ ಕಡೆಯ ಗಾಜನ್ನೂ ಕೆರೆಯತೊಡಗಿದೆ.