ಚಿತ್ರದುರ್ಗದ ಇಳಿಜಾರಿನಲ್ಲಿ ನ್ಯಾಚುರಲ್ ಟ್ರ್ಯಾಕ್ ಲೂಜ್ ತಯಾರಿ

ಲೂಜ್ ಎಂದರೆ ಪುಟ್ಟ ಸ್ಲೆಡ್ (ಜಾರುಬಂಡಿ) ಮೇಲೆ ಕಾಲು ಮುಂದಾಗಿ ಅಂಗಾತ ಮಲಗಿ ಮಂಜುಗಡ್ಡೆಯ ಇಳಿಜಾರಿನಲ್ಲಿ ಜಾರುವ ಆಟ. ಸಹಜ ಇಳಿಜಾರಿನ ದಾರಿಯಲ್ಲಿ ನಡೆಯುವ ನ್ಯಾಚುರಲ್ ಟ್ರ್ಯಾಕ್ ಲೂಜ್‌ನ ತಿರುವುಗಳಿಗೆ ಕಟ್ಟಿದ ಓರೆಗೋಡೆ ಇರುವುದಿಲ್ಲ. ಸ್ಲೆಡ್ ತಿರುಗಿಸುವುದೆಲ್ಲ ಸವಾರನ ಕೆಲಸ. ಅದನ್ನು ಚಿತ್ರದುರ್ಗದಲ್ಲೇ ಚಕ್ರದ ಸ್ಲೆಡ್ ಮೇಲೆ ರೂಢಿಸಿಕೊಳ್ಳಬಹುದು. ಆರು ಒಲಿಂಪಿಕ್ಸ್ ಕಂಡ ಲೂಜ್ ಪಟು ಶಿವ ಕೇಶವನ್ ಹಿಮಾಲಯದ ರಸ್ತೆಗಳಲ್ಲಿ ಚಕ್ರದ ಮೇಲೆಯೇ ತಯಾರಾದವರು. ಜೋಗಿಮಟ್ಟಿ ರಸ್ತೆ ಮಾತ್ರ ಬೇಡ, ಅದು ವನ್ಯಜೀವಿಧಾಮ. ಅನುಮತಿ ಪಡೆದು ವಾಹನ ತಡೆದ, ಕೊನೆಗೆ ಸಮತಟ್ಟಾಗುವ ಡಾಂಬರು ಇಳಿಜಾರು ಹುಡುಕಿ.

ಎಡಕ್ಕೆ ತಿರುಗಲು ಬಲಗಾಲಿನಿಂದ ಬಲ ರನ್ನರ್‌ನ (ಸ್ಲೆಡ್‌ನ ಅಡಿಯ ಉದ್ದ ಪಟ್ಟಿ) ಮೂತಿಯನ್ನು ಒಳಕ್ಕೆ ಒತ್ತಿ, ಎಡ ಹಗ್ಗ ಎಳೆದು, ಮೈಭಾರವನ್ನು ಎಡಕ್ಕೆ ತನ್ನಿ. ಮೂರೂ ಒಟ್ಟಿಗೇ ಆಗಬೇಕು. ವೇಗವನ್ನು ತಿರುವಿಗೆ ಮುಂಚೆಯೇ ಇಳಿಸಿ: ಎದ್ದು ಕೂತು ಎರಡೂ ಪಾದಗಳನ್ನು ಸಮನಾಗಿ ಊರಿ. ತಿರುವಿನೊಳಗೆ ಬ್ರೇಕ್ ಹಾಕಿದರೆ ಹಿಡಿತ ತಪ್ಪಿ ಸ್ಲೆಡ್‌ನ ಹಿಂಭಾಗ ಹೊರಕ್ಕೆ ಜಾರುತ್ತದೆ. ಮೊಳೆಯ ಶೂ ಮಂಜುಗಡ್ಡೆಗೆ. ಡಾಂಬರಿಗೆ ದಪ್ಪ ರಬ್ಬರ್ ಅಟ್ಟೆ, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಕಡ್ಡಾಯ.